ಯಾವಾಗಲೂ ಎತ್ತುವ ನಂಬರು

ಮಗಳನ್ನು ಶಾಲೆಗೆ ಸೇರಿಸುವ ದಿನ, ಅಪ್ಪ ಅಮ್ಮನ ನಂಬರು ಬರೆಸಿಕೊಂಡ ಮೇಲೆ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದರು. ನನ್ನ ನಂಬರು ಬರೆಯಲು ಹೋಗಿ ಕೈ ತಡೆಯಿತು. ಲಾರಿಯ ಚಕ್ರ ಉರುಳುತ್ತಿರುವಷ್ಟು ಹೊತ್ತು ನನ್ನ ಫೋನು ಸೀಟಿನ ಹಿಂದೆ ತೂಗುಹಾಕಿದ ಚೀಲದಲ್ಲಿರಬೇಕು, ಅದು ಕಂಪನಿಯ ಕಟ್ಟಳೆ. ಹೆಂಡತಿಯ ನಂಬರು ಬರೆಯೋಣವೆಂದರೆ ಅವಳು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ. ಬೆಳಿಗ್ಗೆ ಗೇಟಿನಲ್ಲಿ ಫೋನು ಒಪ್ಪಿಸಿದರೆ ಸಂಜೆ ಸೈರನ್ ಕೂಗಿದ ಮೇಲೆಯೇ ಅದು ಕೈಗೆ ಬರುವುದು. ನನ್ನ ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದ್ದರು. ಯಾವ ಹೊತ್ತಿಗೆ ಮಾಡಿದರೂ ಯಾರಾದರೂ ಎತ್ತುವ ನಂಬರು ನನಗೆ ಗೊತ್ತಿದ್ದದ್ದು ಒಂದೇ, ನಮ್ಮ ಆಫೀಸಿನ ಕಂಟ್ರೋಲ್ ರೂಮಿನದು. ಅದನ್ನೇ ಬರೆದೆ. ಪಕ್ಕದಲ್ಲಿ ಸಂಬಂಧ ಕೇಳಿದ್ದರು. ‘ಅತ್ತೆ’ ಎಂದು ಬರೆದೆ.

ಇದು ನನ್ನೊಬ್ಬನ ಬುದ್ಧಿವಂತಿಕೆಯಲ್ಲ ಎಂದು ಆಮೇಲೆ ತಿಳಿಯಿತು. ಕಂಟ್ರೋಲ್ ರೂಮಿನಲ್ಲಿ ಕೂತು ಲಾರಿಗಳನ್ನು ಅತ್ತಿತ್ತ ಕಳಿಸುವ ಅಕ್ಕ, ನಮ್ಮ ಅರ್ಧಕ್ಕರ್ಧ ಡ್ರೈವರುಗಳ ಮಕ್ಕಳಿಗೆ ಶಾಲೆಯ ಲೆಕ್ಕದಲ್ಲಿ ಅತ್ತೆಯೋ ಚಿಕ್ಕಮ್ಮನೋ ಆಗಿದ್ದರು. ಒಬ್ಬ ಪುಣ್ಯಾತ್ಮ ‘ಅಜ್ಜಿ’ ಎಂದು ಬರೆದುಬಿಟ್ಟಿದ್ದ. ಅದು ಗೊತ್ತಾದ ಮೇಲೆ ಅಕ್ಕ ಅವನಿಗೆ ವಾರವಿಡೀ ಸಿಮೆಂಟಿನ ಲೋಡನ್ನೇ ಹಾಕಿಸಿದರು.

ಕಟ್ಟಳೆ ತಂದವರು ಸುರಕ್ಷತಾ ಅಧಿಕಾರಿ. ಎದುರಿಗೆ ಸಿಕ್ಕವರನ್ನೆಲ್ಲ ಮೊದಲು “ಬೆಲ್ಟ್ ಹಾಕಿದ್ರಾ?” ಎಂದು ಕೇಳುತ್ತಿದ್ದರಿಂದ ನಾವು ಅವರನ್ನು ಬೆಲ್ಟ್ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಫೋನ್ ನೋಡುತ್ತ ಲಾರಿ ಓಡಿಸಿದ ಒಬ್ಬ ನಮ್ಮವನೇ ಬಸ್ಸಿನ ಬೆನ್ನಿಗೆ ಗುದ್ದಿ ಸತ್ತಾಗ, ಅವನ ಮನೆಗೆ ಸುದ್ದಿ ಮುಟ್ಟಿಸಿ ಬಂದವರು ಅವರೇ. ಆಮೇಲೆ ಪ್ರತಿ ಲಾರಿಯ ಕನ್ನಡಿಯ ಮೇಲೆ ಕ್ಯಾಮೆರಾ ಬಂತು. ಕೈ ಕಿವಿಯ ಹತ್ತಿರವೋ ಹಿಂದಿನ ಚೀಲದ ಕಡೆಗೋ ಹೋದರೆ ಬೀಪ್ ಎನ್ನುತ್ತದೆ. ಕಿವಿ ತುರಿಸಿಕೊಂಡದ್ದಕ್ಕೆ ನನ್ನ ಹೆಸರಿನ ಮುಂದೆ ಒಂದು ಕೆಂಪು ಗುರುತು ಬಿದ್ದಿತ್ತು. ಡ್ಯಾಶ್‌ಬೋರ್ಡಿನಲ್ಲೊಂದು ಪೆಟ್ಟಿಗೆ ಇದೆ. ಅದರಲ್ಲಿ ಆಫೀಸಿನವರ ದನಿ ಬರುತ್ತದೆ, ನಾವು ಏನನ್ನೂ ಮುಟ್ಟದೆ ಉತ್ತರ ಕೊಡಬಹುದು. ಲೋಡಿನ ಮಾತು ಮಾತ್ರ. ಮನೆ ಮಾತು ಕೂಡದು, ಎಲ್ಲ ರೆಕಾರ್ಡ್ ಆಗುತ್ತದೆ. ಯಾರ್ಡಿನಲ್ಲಿ ನಿಂತ ಲಾರಿ ಹತ್ತಿ ಕೂತಾಗ ಮಗಳು ಅದರಲ್ಲಿ ಅಕ್ಕನ ದನಿ ಕೇಳಿದ್ದಳು, ‘ನಿನ್ನ ಅತ್ತೆ’ ಎಂದು ನಾನೇ ಹೇಳಿದ್ದೆ.

ಅವತ್ತು ಸರಕು ಇಳಿಸಿ ಖಾಲಿ ಗಾಡಿಯಲ್ಲಿ ವಾಪಸು ಬರುತ್ತಿದ್ದೆ. ಹಿಂದಿನ ರಾತ್ರಿಯ ನಿದ್ದೆ ಇನ್ನೂ ಬಾಕಿ ಇತ್ತು. ಮಧ್ಯಾಹ್ನದ ಬಿಸಿಲು ಗಾಜಿನ ಮೇಲೆ ಕೂತು ಕದಲುತ್ತಿರಲಿಲ್ಲ. ಹಿಂದಿನ ಚೀಲದಲ್ಲಿ ಫೋನು ಗುಂಯ್‌ಗುಡುವುದು ಆಗಾಗ ಕೇಳುತ್ತಿತ್ತು. ಯಾರೋ ಸಾಲ ಕೊಡುತ್ತೇವೆನ್ನುವ ಬ್ಯಾಂಕಿನವರಿರಬೇಕು ಎಂದುಕೊಂಡೆ.

ಪೆಟ್ಟಿಗೆಯಲ್ಲಿ ಅಕ್ಕನ ದನಿ ಬಂತು. “ಅಣ್ಣಾ, ಲೋಡ್ ವಿಷ್ಯ ಅಲ್ಲ. ಗಾಬರಿ ಬೀಳ್ಬೇಡಿ. ಶಾಲೆಯಿಂದ ಫೋನ್ ಬಂದಿತ್ತು. ಮಗೂಗೆ ಜ್ವರ. ಎರಡು ಸಲ ವಾಂತಿ ಮಾಡ್ಕೊಂಡಿದಾಳೆ. ಯಾರಾದ್ರೂ ಬಂದು ಕರ್ಕೊಂಡ್ಹೋಗಿ ಅಂತಿದಾರೆ. ನಿಮಗೂ ಮಾಡಿದ್ರಂತೆ, ನಿಮ್ಮ ಮನೆಯವರಿಗೂ ಮಾಡಿದ್ರಂತೆ.”

ಗಾಬರಿ ಬೀಳಬೇಡಿ ಎಂದಾಗಲೇ ಬಿದ್ದಾಗಿತ್ತು. “ಜ್ವರ ಜಾಸ್ತಿನಾ ಅಕ್ಕ?”

“ಮೈ ಸುಡ್ತಿದೆ ಅಂದ್ರು ಟೀಚರ್.”

ಹೋದ ವರ್ಷ ಜ್ವರ ತಲೆಗೇರಿ ಅವಳಿಗೆ ಫಿಟ್ಸ್ ಬಂದಿತ್ತು. ಅದನ್ನು ಅಕ್ಕನಿಗೆ ಹೇಳಿದೆ. ರಸ್ತೆಯ ಎರಡೂ ಕಡೆ ಕಬ್ಬಿಣದ ತಡೆ, ಲಾರಿ ನಿಲ್ಲಿಸುವ ಜಾಗವನ್ನು ಈಗಷ್ಟೇ ದಾಟಿ ಬಂದಿದ್ದೆ. ನಿಲ್ಲಿಸಿ ಫೋನ್ ತೆಗೆದರೂ ಯಾರಿಗೆ ಮಾಡಲಿ? ಹೆಂಡತಿಯ ಫೋನು ಕಾರ್ಖಾನೆಯ ಗೇಟಿನ ಗೂಡಿನಲ್ಲಿ ಮಲಗಿತ್ತು. ಅಲ್ಲಿಯ ಆಫೀಸಿನವರು ಫೋನ್ ಎತ್ತಿದ್ದನ್ನು ಕಂಡವರೇ ಇರಲಿಲ್ಲ. ಗೇಟಿಗೇ ಹೋಗಿ ಕೇಳಿದರೂ ಸೈರನ್ ಕೂಗುವ ತನಕ ಒಳಗಿನವರಿಗೆ ಸುದ್ದಿ ಮುಟ್ಟಿಸುತ್ತಿರಲಿಲ್ಲ.

“ನಾನೇ ಹೋಗಿ ಕರ್ಕೊಂಡ್ಬರ್ತೀನಿ,” ಎಂದರು ಅಕ್ಕ.

ಅವರ ಹಿಂದೆ ಬೆಲ್ಟ್ ಸಾಹೇಬರ ದನಿ ಕೇಳಿಸಿತು. “ಏನಮ್ಮಾ ಇದು, ಲೈನಲ್ಲಿ ಮನೆ ಮಾತು? ರೆಕಾರ್ಡ್ ಆಗ್ತಿದೆ.”

“ಆಗ್ಲಿ ಬಿಡಿ ಸಾರ್, ನನ್ನ ದನಿ ಚೆನ್ನಾಗೇ ಇದೆ. ಬನ್ನಿ, ಇಲ್ಲಿ ಕೂತ್ಕೊಳ್ಳಿ. ಗಾಡಿಗಳನ್ನ ನೋಡ್ಕೊಳ್ಳಿ.”

“ನಾನಾ?”

“ಮತ್ತಿನ್ಯಾರು? ಗೋಡೆನಾ?”

ಕುರ್ಚಿ ಸರಿದ ಸದ್ದು.

ಅದರ ನಂತರದ ದಾರಿ ಹೇಗೆ ಸಾಗಿತೋ ನನಗೆ ನೆನಪಿಲ್ಲ. ಖಾಲಿ ಲಾರಿಯೂ ಭಾರ ಎನಿಸುತ್ತದೆ ಕೆಲವೊಮ್ಮೆ. ಏನೂ ಹೇಳದಿದ್ದರೇ ಚೆನ್ನಾಗಿತ್ತು, ನೆಮ್ಮದಿಯಾಗಿ ಓಡಿಸುತ್ತಿದ್ದೆ ಎಂದು ಒಂದು ಗಳಿಗೆ ಅಕ್ಕನ ಮೇಲೇ ಸಿಟ್ಟು ಬಂತು. ಚೀಲದೊಳಗೆ ಫೋನು ಮತ್ತೆ ಗುಂಯ್‌ಗುಟ್ಟಿತು. ಕೈ ತಾನಾಗಿಯೇ ಹಿಂದೆ ಹೋಯಿತು. ಕ್ಯಾಮೆರಾ ಬೀಪ್ ಎಂದಿತು. ಮುಂದೆ ಹೋಗುತ್ತಿದ್ದ ಕಾರು ಅದೇ ಹೊತ್ತಿಗೆ ಬ್ರೇಕ್ ಹಾಕಿತ್ತು. ನಾನೂ ಹೇಗೋ ಹಾಕಿದೆ. ಎರಡರ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಉಳಿದಿತ್ತು. ಆಮೇಲೆ ಕೈ ಸ್ಟಿಯರಿಂಗ್ ಬಿಡಲಿಲ್ಲ.

“ಆ ಬೀಪ್ ಏನ್ರೀ?” ಪೆಟ್ಟಿಗೆಯಲ್ಲಿ ಸಾಹೇಬರು.

“ಫೋನಿಗೆ ಕೈ ಹಾಕಿದ್ದೆ ಸಾರ್. ತೆಗೀಲಿಲ್ಲ.”

ಅವರು ಏನೋ ಹೇಳಬೇಕೆಂದಿದ್ದರು, ಅಷ್ಟರಲ್ಲಿ ಅವರ ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಸರಕು ಎಲ್ಲಿಗೆ ಬಂತೆಂದು ಕೇಳುವ ಗಿರಾಕಿ ಇರಬೇಕು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಸಾಹೇಬರು ಎರಡು ಕಡೆಯೂ ‘ಒಂದ್ನಿಮಿಷ’ ಎನ್ನುತ್ತಿದ್ದರು.

“ಇದು ನಿಲ್ಲೋದೇ ಇಲ್ವಾ?” ಎಂದು ಕೊನೆಗೆ ನನ್ನನ್ನು ಕೇಳಿದರು.

“ನಿಲ್ಲಲ್ಲ ಸಾರ್.”

“ಆಯಮ್ಮ ಊಟ ಯಾವಾಗ ಮಾಡ್ತಾರೆ?”

“ಮಾಡಿದ್ದನ್ನ ನಾವ್ಯಾರೂ ನೋಡಿಲ್ಲ ಸಾರ್.”

ಸ್ವಲ್ಪ ಹೊತ್ತಾದ ಮೇಲೆ ಅವರೇ ಮತ್ತೆ ಬಂದರು. “ಮಗು ಡಾಕ್ಟರ ಹತ್ರ ಇದೆಯಂತೆ. ಫಿಟ್ಸ್ ಬಂದಿಲ್ಲ. ನೀವು ನಿಧಾನವಾಗಿ ಬನ್ನಿ.” ಆಮೇಲೆ, ಅಷ್ಟೇ ಹೇಳಿದರೆ ಸಾಲದು ಎನ್ನಿಸಿತೋ ಏನೋ, “ಬೆಲ್ಟ್ ಹಾಕಿದೀರಾ?” ಎಂದು ಕೇಳಿದರು.

ನಾನು ಯಾರ್ಡಿಗೆ ಬಂದಾಗ ಬಿಸಿಲು ಇಳಿದಿತ್ತು. ಕೀಲಿ ಕೊಟ್ಟು ಓಡಿದೆ. ಕಂಟ್ರೋಲ್ ರೂಮಿನಲ್ಲಿ ಎರಡು ಕುರ್ಚಿ ಜೋಡಿಸಿ ಮಗಳನ್ನು ಮಲಗಿಸಿದ್ದರು. ಹೊದಿಸಿದ್ದು ಸಾಹೇಬರ ಕೋಟು. ಹಣೆಯ ಮೇಲೆ ಒದ್ದೆ ಬಟ್ಟೆ. ಅಕ್ಕ ಡ್ರೈವರುಗಳ ಜೊತೆ ಪಿಸುದನಿಯಲ್ಲಿ ಮಾತಾಡುತ್ತಿದ್ದರು.

“ಟೀಚರ್ ಕೊಡೋಕೇ ಹಿಂದೇಟು ಹಾಕಿದ್ರು,” ಎಂದರು ನನ್ನ ಕಡೆ ತಿರುಗಿ. “ಇವರು ನಿನ್ನ ಅತ್ತೆನಾ ಅಂತ ಇವಳನ್ನೇ ಕೇಳಿದ್ರು. ಇವಳು ನನ್ನ ಮುಖ ಮಿಕಿಮಿಕಿ ನೋಡಿದ್ಲು. ನಾನು ಒಂದು ಮಾತಾಡಿದ್ದೇ ತಡ, ‘ಹೂಂ, ಅಪ್ಪನ ಲಾರಿ ಪೆಟ್ಟಿಗೇಲಿ ಇರೋ ಅತ್ತೆ’ ಅಂದ್ಲು.”

ಸಾಹೇಬರು ಕಿಟಕಿಯ ಹತ್ತಿರ ನಿಂತಿದ್ದರು. “ನಾಳೆ ಇಬ್ರೂ ಬಂದು ವಿವರಣೆ ಬರೆದುಕೊಡಿ,” ಎಂದರು. “ಬರೀಲೇಬೇಕು. ನಾನೂ ಬರೀತೀನಿ.”

“ಆಯ್ತು ಸಾರ್.” ವಾದ ಮಾಡುವ ತ್ರಾಣ ಯಾರಿಗೂ ಇರಲಿಲ್ಲ.

ಮಗಳನ್ನು ಹೆಗಲಿಗೆ ಹಾಕಿಕೊಂಡೆ. ಬಿಸಿ ಇಳಿದಿತ್ತು, ಬೆವರಿದ್ದಳು. ಆಗ ಕಾರ್ಖಾನೆಯ ಸೈರನ್ ಕೂಗಿತು. ಅದು ನಮ್ಮ ಯಾರ್ಡಿನ ಹಿಂದಿನ ಬೀದಿಯಲ್ಲೇ ಇರುವುದು. ಈಗ ಹೆಂಡತಿ ಗೇಟಿಗೆ ಬರುತ್ತಾಳೆ, ಫೋನು ಕೈಗೆ ಸಿಗುತ್ತದೆ, ಶಾಲೆಯ ನಂಬರು ಒಂದರ ಕೆಳಗೊಂದು ಕಾಣುತ್ತದೆ. ಅದಕ್ಕೆ ಮೊದಲು ಅವಳಿಗೆ ಮಗು ಕಾಣಬೇಕು. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಆದಷ್ಟು ಬೇಗ ನಡೆದೆ.

ಗೇಟಿನೆದುರಿನ ರಸ್ತೆಗೆ ಬಂದಾಗ ಹೆಂಗಸರು ಹಿಂಡುಹಿಂಡಾಗಿ ಹೊರಬರುತ್ತಿದ್ದರು. ಅವಳು ಆಗಲೇ ಆಚೆ ಬದಿಯಲ್ಲಿ ನಿಂತಿದ್ದಳು, ಫೋನು ಕಿವಿಗೆ ಒತ್ತಿಕೊಂಡು. ಮುಖದಲ್ಲಿ ರಕ್ತವಿರಲಿಲ್ಲ. ನನಗೇ ಮಾಡುತ್ತಿದ್ದಾಳೆಂದು ತಿಳಿದು ಜೇಬು ತಡವಿದೆ. ಫೋನು ಲಾರಿಯ ಚೀಲದಲ್ಲೇ ಉಳಿದಿತ್ತು. ಕೂಗಿದೆ. ನಡುವೆ ಬಸ್ಸುಗಳು, ಹಾರ್ನು. ಮಗಳನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದೆ. ಅವಳು ಎಚ್ಚರಗೊಂಡು ಕೊಸರಾಡಿದಳು.

ಹೆಂಡತಿ ನೋಡಿದಳು. ಫೋನನ್ನು ಕಿವಿಯಿಂದ ತೆಗೆಯದೆಯೇ ಬಸ್ಸುಗಳ ನಡುವೆ ದಾಟಿ ಬಂದಳು. ಮಗುವಿನ ಹಣೆ, ಕತ್ತು, ಪಾದ ಮುಟ್ಟಿ ನೋಡಿದಳು.

“ಫೋನ್ ಎತ್ತೋಕೇನ್ರೀ ಕಷ್ಟ ನಿಮಗೆ?” ಎಂದಳು.

“ಲಾರೀಲಿದೆ.”

ಅವಳು ತಲೆಯಾಡಿಸಿ ಮಗುವನ್ನು ತನ್ನ ಹೆಗಲಿಗೆ ತೆಗೆದುಕೊಂಡಳು. ಆಮೇಲೆ, ಇನ್ನೂ ರಿಂಗಾಗುತ್ತಲೇ ಇದ್ದ ಕಾಲನ್ನು ಕಟ್ ಮಾಡಿದಳು.