ಬತ್ತೆಗೆ ಸಿಕ್ಕ ಸೊನ್ನೆ

ಮೂರನೇ ಕ್ಲಾಸಿಗೆ ಬಂದರೂ ನನ್ನ ಮಗಳು ಮೋಕ್ಷಿತಾಗೆ ಅಕ್ಷರಗಳೆಲ್ಲ ಕಲಸಿಹೋಗುತ್ತಿದ್ದವು. ದಡ್ಡಿ ಎನ್ನುವವರು ಎನ್ನಲಿ ಎಂದುಕೊಂಡು, ವಾರಕ್ಕೆರಡು ದಿನ ಮೀನು ಮಾರುವುದನ್ನೇ ಬಿಟ್ಟು, ತ್ರಾಸಿಯಿಂದ ಬಸ್ಸಿನಲ್ಲಿ ಅವಳನ್ನು ಕುಂದಾಪುರದ ಚೇತನಾ ಟೀಚರ್ ಬಳಿ ಕರೆದೊಯ್ದೆ. ಇಂಥ ಮಕ್ಕಳಿಗೆ ಓದು ಕಲಿಸುವುದೇ ಅವರ ಕೆಲಸ. ಅಲ್ಲಿನ ಥೆರಪಿಸ್ಟ್ ಬೆರಳಿಗೆ ಬಲ ಬರಲೆಂದು ಹಿಟ್ಟು ನಾದಿಸಿದರು, ಮರಳಿನ ತಟ್ಟೆಯಲ್ಲಿ ಅಕ್ಷರ ತಿದ್ದಿಸಿದರು. ಟೀಚರ್ ಹೇಳಿಕೊಟ್ಟದ್ದು ಒಂದೇ: ಬಾಯಲ್ಲಿ ಹೇಳಿಕೋ, ಕಿವಿಗೆ ಕೇಳಿದ್ದನ್ನು ಬರೆ.

ವರ್ಷ ಕಳೆದ ಮೇಲೆ ಶಾಲೆಯಲ್ಲಿ ಯಾರ ಸಹಾಯವೂ ಇಲ್ಲದೆ ಅವಳು ಮೊದಲ ವಾಕ್ಯ ಬರೆದಳು: "ನಾನ್ ನಾಳೆ ಬತ್ತೆ." ಮಾಸ್ತರರು ಅದರ ಮೇಲೆ ಕೆಂಪು ಗೀಟು ಎಳೆದು ಸೊನ್ನೆ ಕೊಟ್ಟರು.

ಪುಸ್ತಕ ಹಿಡಿದುಕೊಂಡು ನಾನೇ ಶಾಲೆಗೆ ಹೋದೆ.

"ಅದ್ ತಪ್ಪಲ್ದಾ ಜಲಜಾ? 'ಬರುತ್ತೇನೆ' ಅಂದೇಳಿ ಬರೀಕ್," ಎಂದರು ಮಾಸ್ತರರು.

"ಅದನ್ ನಾಳೆ ಕಲಿತ್ಲ್ ಮಾಸ್ಟ್ರೆ. ಇವತ್ತ್ ಬಾಯಿಗ್ ಬಂದದ್ದನ್ನ ಒತ್ತಕ್ಷರ ಸಮೇತ ಸಮಾ ಬರ್ದಿದ್ಲ್. ಅದ್ಕ್ ಸೊನ್ನೆ ಎಂತಕೆ?"

ಅವರು ಗಡಿಯಾರ ನೋಡಿ ಎದ್ದರು. "ಕ್ಲಾಸಿಗ್ ಹೊತ್ತಾಯ್ತ್ ಮಾರಾಯ್ತಿ, ಬತ್ತೆ."

ನಾನು ಬಾಗಿಲಿಗೆ ಅಡ್ಡ ನಿಂತು ಪುಸ್ತಕ ಚಾಚಿದೆ.

"ಈಗ ನೀವ್ ಹೇಳಿದ್ದಕ್ಕೂ ಸೊನ್ನೆಯಾ ಮಾಸ್ಟ್ರೆ?"