ಹೀರಾಬಾಯಿಯ ಹಲ್ಲುಗಳು

ದೌಲತರಾಯನ ಹೊಟ್ಟೆ ಇಳಿಯತೊಡಗಿದ್ದನ್ನು ಊರಿಗಿಂತ ಮೊದಲು ಕಂಡವಳು ಅವನ ಹೆಂಡತಿ ಸುಂದರಬಾಯಿ. ಕಾಣದೆ ಇರುತ್ತದೆಯೇ? ಇಪ್ಪತ್ತೆರಡು ವರ್ಷ ಆ ಹೊಟ್ಟೆಗೆ ರೊಟ್ಟಿ ಬಡಿದು ಹಾಕಿದವಳು ಅವಳು. ದೀಪಾವಳಿಗೆ ಹೊಲಿಸಿದ ಅಂಗಿಯ ಗುಂಡಿ ಆಗ ಕಿತ್ತುಹೋಗುವ ಹಾಗಿತ್ತು, ಯುಗಾದಿಗೆ ಅದೇ ಅಂಗಿ ಗೂಟಕ್ಕೆ ತೂಗುಹಾಕಿದಂತೆ ಜೋಲಾಡಿತು.

ಆಳಂದದಿಂದ ಕಿಣ್ಣಿ ಸುಲ್ತಾನದ ಕಡೆ ಹೋಗುವ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಸಣ್ಣ ಊರು ಅದು. ಊರಿಗೆ ಒಂದೇ ಹಿಟ್ಟಿನ ಗಿರಣಿ, ಅದು ದೌಲತರಾಯನದು. ಕಾರ್ತೀಕದಲ್ಲಿ ಜೋಳದ ಚೀಲ ಇಳಿಸಲು ಹೋಗಿ ಗಿರಣಿಯ ಕಟ್ಟೆಯಿಂದ ಜಾರಿಬಿದ್ದು ಬಲಮೊಣಕಾಲು ತಿರುಚಿಕೊಂಡಿದ್ದ. ಆಳಂದದ ಡಾಕ್ಟರು ಕಾಲು ಒತ್ತಿ ನೋಡಿ, ಎಲುಬು ಮುರಿದಿಲ್ಲ, ಕೀಲಿನೊಳಗಿನ ಕಟ್ಟು ಹರಿದಿದೆ, ಮೇಲಿನ ನೂರಾಹತ್ತು ಕಿಲೋ ಇಳಿಯದೆ ಕೆಳಗಿನ ಮೊಣಕಾಲು ನೆಟ್ಟಗಾಗುವುದಿಲ್ಲ ಎಂದರು. ಓಡಬಾರದು, ಕುಕ್ಕರಗಾಲಲ್ಲಿ ಕೂಡಬಾರದು, ಮೆಟ್ಟಿಲು ಹತ್ತಬಾರದು, ಆದರೆ ದಿನಾ ಒಂದು ತಾಸು ಮೈ ಬೆವರಬೇಕು. ಕಾಲು ಆಡಿಸದೆ ಬೆವರುವುದು ಹೇಗೆ ಎಂದು ದೌಲತರಾಯ ಅಲ್ಲೇ ನಕ್ಕುಬಿಟ್ಟ. ಮನೆಗೆ ಬಂದು ಎಂದಿನಂತೆ ನಾಲ್ಕು ರೊಟ್ಟಿ ಉಂಡ.

ಸುಂದರಬಾಯಿಗೆ ಕೆಡುಕೆನಿಸಿದ್ದು ಇಲ್ಲೇ. ಉಣ್ಣುವುದು ಒಂದು ತುತ್ತೂ ಕಡಿಮೆಯಾಗಿಲ್ಲ, ಮೈ ಮಾತ್ರ ಕರಗುತ್ತಿದೆ. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿದೆ? ಡಾಕ್ಟರ ಮಾತು ಕೇಳುವ ಜಾತಿಯವನಂತೂ ಅಲ್ಲ ತನ್ನ ಗಂಡ. ಸಂಜೆ ಮಲಗಿದರೆ ಹೆಣದ ಹಾಗೆ ನಿದ್ದೆ. ಒಂದು ದಿನ ಊಟಕ್ಕೆ ಅವನು ಕೈ ತೊಳೆಯುವಾಗ ಅಂಗೈ ನೋಡಿದಳು, ಸುಟ್ಟಂತೆ ಬೊಬ್ಬೆಗಳು. ನಡೆಯುವಾಗ ಊರುವ ಕೋಲು ಹಿಡಿದು ಹಿಡಿದು ಹೀಗಾಗಿದೆ ಎಂದ. ಕೋಲು ಹಿಡಿಯುವುದು ಬಲಗೈಯಲ್ಲಿ, ಬೊಬ್ಬೆ ಎರಡೂ ಕೈಯಲ್ಲಿ. ಸುಳ್ಳು ಹೇಳಲಿಕ್ಕೂ ಒಂದು ಲೆಕ್ಕ ಬೇಡವೇ!

ಮಧ್ಯಾಹ್ನ ಎರಡಾದರೆ ಸಾಕು, ಗಿರಣಿಗೆ ಹೋಗಿಬರುತ್ತೇನೆ ಎಂದು ಕುಂಟುತ್ತ ಹೊರಟುಬಿಡುತ್ತಿದ್ದ. ಒಂದು ದಿನ ಅವಳು ಬೇಕೆಂದೇ ಚಹಾ ಮಾಡಿ ಗಿರಣಿಗೆ ಒಯ್ದಳು. ಗಿರಣಿ ನಡೆಸುವ ಆಳು ಮಲ್ಕಪ್ಪ ಮೊದಲು ತಡವರಿಸಿದ, ಆಮೇಲೆ ಸಾಹುಕಾರರು ಈ ಕಡೆ ಮುಖ ಹಾಕಿ ಮೂರು ತಿಂಗಳಾಯಿತು ಎಂದ. ಆದರೆ ದಿನಾ ಸಂಜೆ ಮನೆಗೆ ಬರುವಾಗ ಅವನ ಮೀಸೆಯ ಮೇಲೆ, ಹುಬ್ಬಿನ ಮೇಲೆ ಬಿಳಿ ಪುಡಿ ಇರುತ್ತದಲ್ಲ? ಗಿರಣಿಗೇ ಹೋಗದವನ ಮೀಸೆಗೆ ಹಿಟ್ಟು ಎಲ್ಲಿಂದ ಬಂತು? ಅದು ಹಿಟ್ಟೇ ಹೌದೋ ಅಲ್ಲವೋ? ಆ ಸಂಜೆ ಅವನ ರುಮಾಲಿನಿಂದ ಒಂದು ಚಿಟಿಕೆ ಪುಡಿ ಉದುರಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಟ್ಟಳು. ನಾಲಿಗೆಗೆ ಹಚ್ಚಿ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ.

ಧೈರ್ಯವಾಗದ್ದಕ್ಕೆ ಕಾರಣವಿತ್ತು. ಎಂಬತ್ನಾಲ್ಕರ ಆ ಬೇಸಿಗೆಯಲ್ಲಿ ಸುತ್ತಲಿನ ಊರುಗಳಲ್ಲಿ ಭಾನಾಮತಿಯದೇ ಮಾತು. ಯಾರೋ ಮದ್ದು ಮಾಡಿಸುತ್ತಾರೆ, ಮೈಮೇಲೆ ಬೊಬ್ಬೆ ಏಳುತ್ತವೆ, ಉಂಡದ್ದು ಮೈಗೆ ಹತ್ತುವುದಿಲ್ಲ, ಮನುಷ್ಯ ಒಣಗುತ್ತಾನೆ. ಮಾಡಿದವರು ಯಾರು ಎಂದು ಗೊತ್ತಾದರೆ ಊರ ಗಂಡಸರು ಕೂಡಿ ಅವರ ಮುಂದಿನ ಹಲ್ಲು ಕೀಳುತ್ತಿದ್ದರು. ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ. ಹೀಗೆ ಹಲ್ಲು ಹೋದವರೆಲ್ಲ ಹಿಂದು ಮುಂದು ಯಾರೂ ಇಲ್ಲದ ಮುದುಕಿಯರೇ ಆಗಿರುತ್ತಿದ್ದರು ಎಂಬುದು ಮಾತ್ರ ಯಾವ ಶಾಣ್ಯಾನಿಗೂ ಹೊಳೆಯಲಿಲ್ಲ.

ಮರುದಿನ ಸುಂದರಬಾಯಿ ಸೆರಗು ಹೊದ್ದುಕೊಂಡು ಗಂಡನ ಹಿಂದೆ ನಡೆದಳು. ಅವನು ಹಿತ್ತಲ ಓಣಿ ಹಿಡಿದು, ಎರಡು ಸಲ ಹಿಂದೆ ತಿರುಗಿ ನೋಡಿ, ಹೀರಾಬಾಯಿಯ ಮನೆ ಹೊಕ್ಕ. ಬಾಗಿಲು ಮುಚ್ಚಿತು.

ಹೀರಾಬಾಯಿಗೆ ಅರವತ್ತೈದು. ಗಂಡ ಸತ್ತು ಮೂವತ್ತು ವರ್ಷ, ಮಕ್ಕಳಿಲ್ಲ. ಊರವರ ಜೋಳ, ಬೇಳೆ ಬೀಸಿಕೊಟ್ಟು ಹೊಟ್ಟೆ ಹೊರೆದವಳು. ಗಿರಣಿ ಬಂದ ಮೇಲೆ ಅವಳ ಬೀಸುವ ಕಲ್ಲಿಗೆ ಕೆಲಸ ತಪ್ಪಿತು, ಕಲ್ಲಿನ ಹಿಟ್ಟೇ ಬೇಕೆನ್ನುವ ಐದಾರು ಮನೆಗಳಷ್ಟೇ ಉಳಿದವು. ಇದು ಸುಂದರಬಾಯಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮುದುಕಿ ಎದುರಾದರೆ ಇವಳು ಮುಖ ತಿರುಗಿಸಿ ನಡೆಯುತ್ತಿದ್ದಳು. ನಮ್ಮಿಂದ ಅನ್ನ ಹೋದವಳಿಗೆ ನಮ್ಮ ಮೇಲೆ ಸಿಟ್ಟು ಇರಲೇಬೇಕಲ್ಲ?

ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಕಲ್ಲು ಗರಗರ ತಿರುಗುತ್ತಿತ್ತು, ಅದರಲ್ಲೇನೂ ವಿಶೇಷವಿಲ್ಲ. ಅದರ ಮೇಲೆ ಇನ್ನೊಂದು ದನಿ ಒಂದೇ ಸಮನೆ ಮಣಮಣ ಎನ್ನುತ್ತಿತ್ತು. ಹೀರಾಬಾಯಿಯ ದನಿಯಾಗಿದ್ದರೆ ಬೀಸುವ ಹಾಡು ಎನ್ನಬಹುದಿತ್ತು. ಆದರೆ ಅದು ಅವಳ ಗಂಡನ ದನಿ. ಮುದುಕಿ ಕಲ್ಲು ತಿರುಗಿಸುತ್ತಿದ್ದಾಳೆ, ಇವನ ಬಾಯಿಂದ ಏನೋ ಅನ್ನಿಸುತ್ತಿದ್ದಾಳೆ! ಬಾಗಿಲು ತಟ್ಟುವುದನ್ನು ಬಿಟ್ಟು ಸುಂದರಬಾಯಿ ಹೋದದ್ದು ನೆಟ್ಟಗೆ ನಾಗಣ್ಣನ ಮನೆಗೆ.

ನಾಗಣ್ಣ ದೌಲತರಾಯನ ಕಾಕನ ಮಗ. ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ. ಅವಳು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ವೈನಿ, ನೀವು ಸುಮ್ಮನ ಮನ್ಯಾಗ ಕೂಡ್ರಿ. ನಾಳಿ ಅಣ್ಣ ಡಾಕ್ಟರಿಗೆ ತೋರಸಾಕ ಆಳಂದಕ್ಕ ಹೊಂಟಾನಲ್ಲ, ಅಷ್ಟರೊಳಗ ನಾ ನೋಡ್ಕೋತೇನಿ" ಎಂದ. ಹೇಗೆ ನೋಡಿಕೊಳ್ಳುತ್ತೀ ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.

ಮರುದಿನ ಮಧ್ಯಾಹ್ನ ಹೀರಾಬಾಯಿಯ ಅಂಗಳದಲ್ಲಿ ಇಪ್ಪತ್ತು ಮೂವತ್ತು ಮಂದಿ ಸೇರಿದ್ದು ಕೇಳಿ ಸುಂದರಬಾಯಿ ಚಪ್ಪಲಿ ಮೆಟ್ಟದೆ ಓಡಿಬಂದಳು. ಮುದುಕಿಯನ್ನು ಕಟ್ಟೆಯ ಮೇಲೆ ಕೂಡಿಸಿದ್ದರು. ದೌಲತರಾಯನಿಗೆ ಈ ಮನೆಯಲ್ಲಿ ಏನು ಕೆಲಸ ಎಂದು ನಾಗಣ್ಣ ನಾಲ್ಕು ಸಲ ಕೇಳಿಯಾಗಿತ್ತು. ಹೀರಾಬಾಯಿ ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು.

"ಲಿಂಗ ಮುಟ್ಟಿ ಮಾತು ಕೊಟ್ಟೇನಿ," ಎಂದಳು. "ಅವ ಬಂದು ಹೇಳಿದ್ರ ಹೇಳಲಿ. ನಾ ಹೇಳಾಂಗಿಲ್ಲ."

ಇಷ್ಟು ಸಾಕಾಯಿತು ಮಂದಿಗೆ. ಗಿರಣಿಯ ಮೊಳೆ ಕೀಳುವ ಪಕ್ಕಡ ತರಲು ನಾಗಣ್ಣ ಮಲ್ಕಪ್ಪನನ್ನು ಓಡಿಸಿದ. ಅದು ತಮ್ಮದೇ ಗಿರಣಿಯ ಪಕ್ಕಡ! ಸುಂದರಬಾಯಿ ಮಂದಿಯನ್ನು ಸರಿಸಿಕೊಂಡು ಬಾಗಿಲ ಕಡೆ ನಡೆದಳು. ಒಳಗೆ ಏನಿದೆ ಎಂದು ನೋಡಿಬಿಡುತ್ತೇನೆ, ಗೊಂಬೆಯೋ ಲಿಂಬೆಹಣ್ಣೋ ಏನಾದರೂ ಸಿಕ್ಕರೆ ಮನಸ್ಸಿಗೆ ಸಮಾಧಾನವಾದೀತು ಎಂದುಕೊಂಡು ಮುದುಕಿಯ ಮನೆಯೊಳಗೆ ಹೋದಳು.

ಗೊಂಬೆಯೂ ಇರಲಿಲ್ಲ, ಲಿಂಬೆಹಣ್ಣೂ ಇರಲಿಲ್ಲ. ನಡುವೆ ಬೀಸುವ ಕಲ್ಲು, ಅದರ ಹತ್ತಿರ ಒಂದು ದಿಂಬು. ಹಸಿರು ಗಿಳಿ ಕಸೂತಿ ಹಾಕಿದ ಆ ದಿಂಬು ಗೊಬ್ಬೂರಿನ ತವರಿನಿಂದ ಮದುವೆಯಲ್ಲಿ ಅವಳ ಜೊತೆ ಬಂದದ್ದು. ಮೂರು ತಿಂಗಳ ಹಿಂದೆ ಕಳೆದಿತ್ತು, ಅದಕ್ಕಾಗಿ ಪಾಪ ಅಗಸರವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಈಗ ನೋಡಿದರೆ ನಡುವೆ ತಗ್ಗುಬಿದ್ದಿದೆ, ಚಾಚಿದ ಕಾಲಿನ ಮೊಣಕಾಲು ಊರಿದಷ್ಟು ತಗ್ಗು. ಕಲ್ಲಿನ ಗೂಟಕ್ಕೆ ಗಂಡನ ಹಳೆಯ ಧೋತರದ ಅಂಚು ಸುತ್ತಿದೆ. ಗೋಡೆಯ ಮೇಲೆ ಇದ್ದಿಲಿನ ಗೀಟುಗಳು, ಒಂದು ಗೀಟಿಗೆ ಇಷ್ಟು ಸುತ್ತು ಎಂದು. ಕೆಳಗಿನ ಸಾಲಿನಲ್ಲಿ ಏಳೆಂಟು, ಮೇಲೆ ಹೋದಂತೆ ಮೂವತ್ತು, ನಲವತ್ತು. ಮಂತ್ರವಲ್ಲ, ಗಂಡ ಸುತ್ತು ಎಣಿಸುತ್ತಿದ್ದ. ಸೆರಗಿನ ಗಂಟು ಬಿಚ್ಚಿ ಪುಡಿಯನ್ನು ನಾಲಿಗೆಗೆ ಹಚ್ಚಿದಳು. ಜೋಳದ ಹಿಟ್ಟು, ಕಲ್ಲಿನಲ್ಲಿ ಬೀಸಿದ ತರಿತರಿ ಹಿಟ್ಟು.

ಮೀಸೆ ತಿರುವುವ ಗಿರಣಿ ಮಾಲೀಕ ಕಾಲು ಚಾಚಿ ಕೂತು ಹೆಂಗಸರ ಹಾಗೆ ಜೋಳ ಬೀಸುತ್ತಿದ್ದಾನೆ ಎಂದು ಊರಿಗೆ ತಿಳಿದರೆ ತಲೆ ಎತ್ತಿ ತಿರುಗುವ ಹಾಗಿಲ್ಲ. ಅದಕ್ಕೆ ಮುದುಕಿಯಿಂದ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದಾನೆ. ಅವಳ ಕೆಲಸ ಇವನ ಕೈಯಲ್ಲಿ ಮುಗಿಯುತ್ತದೆ, ಇವನ ಹೊಟ್ಟೆ ಅವಳ ಕಲ್ಲಿನಲ್ಲಿ ಕರಗುತ್ತದೆ. ನಗು ಬರಬೇಕಾದ ಹೊತ್ತಿನಲ್ಲಿ ಸುಂದರಬಾಯಿಗೆ ಅಳು ಬಂತು.

ದಿಂಬು ಬಗಲಿಗೆ ಇಟ್ಟುಕೊಂಡು ಹೊರಗೆ ಬಂದಾಗ ಗಂಡ ಬಸ್ಸಿಳಿದು ಬಂದು ಮಂದಿಯ ಹಿಂದೆ ಕೋಲೂರಿ ನಿಂತಿದ್ದ. ಸದ್ಯ ಬಂದನಲ್ಲ, ಇನ್ನು ಎರಡು ಮಾತು ಹೇಳಿದರೆ ಮುಗಿಯಿತು ಎಂದು ಅವಳಿಗೆ ಜೀವ ಬಂದಂತಾಯಿತು.

"ಅಣ್ಣಾ, ಇಲ್ಲಿ ಬಂದು ನೀ ಏನ ಮಾಡ್ತಿದ್ದಿ, ಅದೊಂದು ಹೇಳಿಬಿಡು," ಎಂದ ನಾಗಣ್ಣ.

ದೌಲತರಾಯ ಮಂದಿಯನ್ನು ನೋಡಿದ. ಮಲ್ಕಪ್ಪನ ಕೈಯಲ್ಲಿದ್ದ ಪಕ್ಕಡ ನೋಡಿದ. "ಬಿಡ್ರಿ ಆಕಿನ್ನ, ವಯಸ್ಸಾದಾಕಿ," ಎಂದು ನೆಲ ನೋಡುತ್ತ ನಿಂತುಬಿಟ್ಟ. ನೋಡಿ, ಇವನ ಬಾಯಿಯನ್ನೂ ಕಟ್ಟಿದ್ದಾಳೆ ಎಂದು ಯಾರೋ ಅಂದರು. ನಾಗಣ್ಣ ಪಕ್ಕಡ ಇಸಕೊಂಡ. ಹೀರಾಬಾಯಿ ಕಣ್ಣು ಮುಚ್ಚಿದಳು, ಲಿಂಗ ಹಿಡಿದ ಕೈ ಸಡಿಲಿಸಲಿಲ್ಲ. ಮುದುಕಿ ಮಾತಿಗೆ ಹಲ್ಲು ಕೊಡಲು ಕೂತಿದ್ದಳು, ಗಂಡಸು ಮೀಸೆ ಕೊಡಲು ಒಲ್ಲೆ ಎನ್ನುತ್ತಿದ್ದ. ಸುಂದರಬಾಯಿಗೆ ಅವನ ಮೇಲೆ ಎಂದೂ ಬರದಷ್ಟು ಅಸಹ್ಯ ಬಂತು.

ದಿಂಬನ್ನು ಎತ್ತಿ ಹಿಡಿದು ನಾಗಣ್ಣನಿಗೂ ಮುದುಕಿಗೂ ನಡುವೆ ಹೋಗಿ ನಿಂತಳು.

"ಈ ದಿಂಬು ನಮ್ಮ ಮನೀದು. ನಮ್ಮ ಮನಿಯವರು ದಿನಾ ಇದರ ಮ್ಯಾಲ ಕಾಲಿಟ್ಟು ಇಲ್ಲಿ ಜೋಳ ಬೀಸಾಕತ್ತಾರ. ಮೊಣಕಾಲಿಗೆ ಭಾರ ಆಗೇತಿ, ಕೂತು ಬೆವರ್ರಿ ಅಂತ ಡಾಕ್ಟರು ಹೇಳ್ಯಾರ. ಭಾನಾಮತಿನೂ ಇಲ್ಲ, ಏನೂ ಇಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಒಳಗ ಹೋಗಿ ಕೂಡ್ರಿ. ಬೀಸಿ ತೋರಸ್ರಿ."

ದೌಲತರಾಯ ಹೆಂಡತಿಯನ್ನು ಕೊಂದುಬಿಡುವಂತೆ ನೋಡಿದ. ಅವಳು ಕಣ್ಣು ಇಳಿಸಲಿಲ್ಲ. ಕಡೆಗೆ ಅವನು ಅವಳ ಕೈಯಿಂದ ದಿಂಬು ಇಸಕೊಂಡು ಒಳಗೆ ಹೋದ, ಅದರ ಮೇಲೆ ಬಲಗಾಲು ಚಾಚಿದ, ಎಡಗಾಲು ಮಡಚಿದ, ಗೂಟಕ್ಕೆ ಎರಡೂ ಕೈ ಹಾಕಿ ಕಲ್ಲು ತಿರುಗಿಸಿದ. ಎಷ್ಟು ಹದವಾಗಿ ತಿರುಗಿಸಿದನೆಂದರೆ, ಇಂದು ನಿನ್ನೆ ಕಲಿತದ್ದಲ್ಲ ಎಂದು ಬಾಗಿಲಲ್ಲಿ ಇಣುಕಿದ ಎಲ್ಲರಿಗೂ ತಿಳಿಯಿತು. ಒಬ್ಬ ನಕ್ಕ, ಆಮೇಲೆ ಅಂಗಳವೇ ನಕ್ಕಿತು. ಪಕ್ಕಡ ಯಾವಾಗ ಮಲ್ಕಪ್ಪನ ಕಿಸೆ ಸೇರಿತೋ ಯಾರೂ ನೋಡಲಿಲ್ಲ.

ಎಂಟು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಎದ್ದು, ಎಲ್ಲರೂ ನೋಡುವಂತೆ ದೊಡ್ಡ ಓಣಿಯಲ್ಲೇ ಹೀರಾಬಾಯಿಯ ಮನೆಗೆ ಹೋದ. ಮಂದಿ ಇನ್ನು ಎಷ್ಟು ದಿನ ನಕ್ಕಾರು? ಆಷಾಢದ ಹೊತ್ತಿಗೆ ಕೋಲು ಮೂಲೆ ಸೇರಿತು.

ಹೀರಾಬಾಯಿ ಮಾತ್ರ ಬದಲಾಗಿದ್ದಳು. ಆ ದಿನದಿಂದ ಯಾರ ಜೊತೆ ಮಾತಾಡಿದರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದಳು. ಹಲ್ಲು ಕಾಣಬಾರದು ಎಂದು.

ಪಂಚಮಿಗೆ ಎರಡು ದಿನ ಇರುವಾಗ ಅವಳು ಬುಟ್ಟಿಯಲ್ಲಿ ಕಲ್ಲಿನ ಹಿಟ್ಟು ತುಂಬಿಕೊಂಡು ಸುಂದರಬಾಯಿಯ ಮನೆಗೆ ಬಂದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೆರಗು ಹೆಗಲಿಗೆ ಇಳಿಸಿದಳು. ಅಷ್ಟೂ ಹಲ್ಲು ಕಾಣುವಂತೆ ನಕ್ಕಳು. ಈ ಊರಿನಲ್ಲಿ ನಿನ್ನೊಬ್ಬಳ ಮುಂದೆ ಮಾತ್ರ ನನಗೆ ಅಂಜಿಕೆಯಿಲ್ಲ ನನ್ನವ್ವ, ಹೆತ್ತ ಮಗಳೂ ಹಾಗೆ ಅಡ್ಡ ನಿಲ್ಲುತ್ತಿದ್ದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು.

"ನನ್ನ ಹೆಸರು ನಾಗಣ್ಣಗ ಯಾರು ಹೇಳಿದ್ರೋ, ನಿನಗೇನರ ಗೊತ್ತೈತೇನ ಮಗಳ?"

ಸುಂದರಬಾಯಿ ಬಡಿಯುತ್ತಿದ್ದ ರೊಟ್ಟಿಯ ಮೇಲೆ ಕೈ ಹಾಗೇ ನಿಂತಿತು. ಗೊತ್ತಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ನಾಗಣ್ಣ ಬಾಯಿ ಬಿಡುವವನಲ್ಲ, ಗಂಡನಿಗೂ ಗೊತ್ತಿಲ್ಲ. ಊರ ಮುಂದೆ ಗಂಡನಿಂದ ನಿಜ ಹೊರಡಿಸಿದವಳು ತಾನು. ಎದುರಿಗೆ ಈಗ ಇರುವುದು ಒಬ್ಬಳೇ ಮುದುಕಿ, ಆದರೂ ನಾಲಿಗೆಯ ತುದಿಗೆ ಮೊದಲು ಬಂದದ್ದು ಸುಳ್ಳೇ. ಅಂದು ಮಂದಿಯ ಹಿಂದೆ ನೆಲ ನೋಡುತ್ತ ನಿಂತಿದ್ದವನ ಸಂಕಟ ಅವಳಿಗೆ ತಿಳಿದದ್ದು ಆವಾಗ.

"ಕಾಕಿ," ಎಂದಳು, "ಹೇಳಿದಾಕಿ ನಾನ."

ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಇಬ್ಬರೂ ಅದನ್ನು ತಿರುವಲಿಲ್ಲ. ಹೀರಾಬಾಯಿ ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಹೆಗಲ ಮೇಲಿದ್ದ ಸೆರಗನ್ನು ಮೆಲ್ಲಗೆ ಎಳೆದು ಬಾಯಿ ಮುಚ್ಚಿಕೊಂಡಳು. ಬುಟ್ಟಿ ನಾಳೆ ಕಳಿಸು ಎಂದು ಸೆರಗಿನ ಒಳಗಿನಿಂದಲೇ ಹೇಳಿ ಎದ್ದು ಹೋದಳು.