ಕಲ್ಲತ್ತಿಗಿರಿಯ ಪರಸ್ಥಾನ

ತರೀಕೆರೆಯಿಂದ ಬೆಳಗಾಗುವ ಮುನ್ನ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಹೋಗಿಬಂದು ಮನೆ ಸೇರಬಹುದಾದ ಊರುಗಳು ಎಷ್ಟಿವೆ ಎಂಬುದು ಕೊಬ್ಬರಿ ವ್ಯಾಪಾರದ ದೇವೀರಪ್ಪನವರಿಗೆ ಬಾಯಿಪಾಠ. ಅಮೃತಾಪುರದ ದಾರಿಯಲ್ಲಿ ಎತ್ತಿಗೆ ಎಲ್ಲಿ ನೀರು ಕುಡಿಸಬೇಕು, ಕಲ್ಲತ್ತಿಗಿರಿಗಾದರೆ ಬುತ್ತಿ ಎಲ್ಲಿ ಬಿಚ್ಚಬೇಕು, ಕಡೂರಿಗೆ ಬೀರೂರಿನಲ್ಲಿ ಯಾವ ರೈಲು ಹಿಡಿಯಬೇಕು, ಎಲ್ಲವನ್ನೂ ಕೂತಲ್ಲೇ ಹೇಳುವರು. ಹೋದದ್ದು ಮಾತ್ರ ಕಡಮೆ. ಪಂಚಾಂಗ ಒಪ್ಪುತ್ತಿರಲಿಲ್ಲ.

ಸೋಮವಾರ ಅಜ್ಜಂಪುರದಿಂದ ತಂಗಿ ತೀರ್ಥಮ್ಮ ಬಂದಳು. ಶುಕ್ರವಾರ ಅಲ್ಲಿ ಅವಳ ಮೊಮ್ಮಗಳಿಗೆ ಹೆಸರಿಡುವುದಿತ್ತು. ಅಂದು ಬೆಳಿಗ್ಗೆಯೇ ಹಿಂದಿರುಗಬೇಕು.

“ಈ ಸಲ ಕಲ್ಲತ್ತಿಗಿರಿ ವೀರಭದ್ರನ್ನ ನೋಡದೆ ಹೋಗಲ್ಲ ಕಣಣ್ಣ. ಅತ್ತಿಗೆ ಎಷ್ಟು ವರ್ಷ ಕೇಳಿಕೊಂಡ್ರು. ಅವರ ಹೆಸರಲ್ಲಿ ಒಂದು ಕಾಯಿ ಒಡೆಸಬೇಕು.”

ಹೆಂಡತಿ ಕಾಶಮ್ಮ ಲಿಂಗೈಕ್ಯಳಾಗಿ ಕಾರ್ತಿಕಕ್ಕೆ ವರ್ಷವಾಗಿತ್ತು. ದೇವೀರಪ್ಪನವರು ತಲೆ ತಗ್ಗಿಸಿ, “ಆಗಲಿ, ನಾಳೆಯೇ ಹೋಗೋಣ” ಎಂದರು.

ಮಂಗಳವಾರ ಗಾಡಿ ಹತ್ತುವಾಗ ತೀರ್ಥಮ್ಮನೇ ಸೀನಿಬಿಟ್ಟಳು. ಒಂಟಿ ಸೀನು. ದೇವೀರಪ್ಪನವರು ಇಳಿದು ಕಾಲು ತೊಳೆದು, ಜಗಲಿಯಲ್ಲಿ ಕೂತು ನೀರು ಕುಡಿದು, ಕಲ್ಲತ್ತಿಗಿರಿ ಬಿಟ್ಟು ಅಮೃತಾಪುರದ ಕಡೆ ಗಾಡಿ ತಿರುಗಿಸಿದರು. ಬುಧವಾರ ಅಮಾವಾಸ್ಯೆ, ಪಯಣದ ಮಾತೇ ಇಲ್ಲ. ಉಳಿದದ್ದು ಗುರುವಾರವೊಂದೇ.

“ಗುರುವಾರ ದಕ್ಷಿಣಕ್ಕೆ ಶೂಲೆ, ಕಲ್ಲತ್ತಿಗಿರಿ ಇರೋದು ಅದೇ ದಿಕ್ಕಿಗೆ. ಮೇಲೆ ಪಾಡ್ಯ ಬೇರೆ” ಎಂದು ದೇವೀರಪ್ಪನವರು ಬುಧವಾರವೇ ಪಂಚಾಂಗ ಮುಚ್ಚಿದರು.

“ಎಲ್ಲ ನನ್ನ ಮೂಗಿನ ತಪ್ಪು ಅನ್ನು” ಎಂದಳು ತೀರ್ಥಮ್ಮ. “ಹೋಗಲಿ, ಹೆಸರಿಡೋ ದಿನಕ್ಕಾದ್ರೂ ಬಾ. ಆ ಕೆಂಪಂಚಿನ ಶಲ್ಯ ಹೊದ್ದುಕೊಂಡು ಬಾ.”

“ಅದನ್ನ ಅಗಸರ ಸಣ್ಣಬೀರಪ್ಪ ಕಳೆದ. ಎರಡು ವರ್ಷದಿಂದ ಅವನಿಗೆ ಬಟ್ಟೆ ಹಾಕಿಲ್ಲ.” ಮತ್ತೆ ಪಂಚಾಂಗದ ಕಡೆ ನೋಡಿ, “ಪರಸ್ಥಾನವಾದರೂ ಇಟ್ಟಿದ್ದರೆ ನಾಳೆ ಹೋಗಬಹುದಿತ್ತು” ಎಂದರು.

ಹೊರಡುವ ದಿನ ಸರಿಯಿಲ್ಲದಿದ್ದರೆ ಮೊದಲೇ ಒಂದು ಒಳ್ಳೆಯ ಗಳಿಗೆಯಲ್ಲಿ ಉಡುವ ಬಟ್ಟೆಗೆ ಅಕ್ಕಿ ಅರಿಸಿನ ಸೇರಿಸಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಅದೇ ಪರಸ್ಥಾನ. ಬಟ್ಟೆ ಹೊರಟರೆ ಮನುಷ್ಯ ಹೊರಟಂತೆಯೇ.

ಮೊಸರು ಕೊಡಲು ಬಂದಿದ್ದ ಹುಚ್ಚಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಅವಳ ಮನೆ ಊರ ತೆಂಕಲ ತುದಿಗೆ, ಕಲ್ಲತ್ತಿಗಿರಿಗೆ ಹೋಗುವ ಲಿಂಗದಹಳ್ಳಿ ದಾರಿಯಲ್ಲಿ.

“ಪರಸ್ಥಾನ ನಮ್ಮ ಅಟ್ಟದ ಮೇಲೆ ಐತಲ್ಲ ಸಾವ್ಕಾರ್ರೇ” ಎಂದಳು.

“ಯಾರದು?”

“ಕಾಶಮ್ಮನೋರು ಇಟ್ಟಿದ್ದು. ಕಲ್ಲತ್ತಿಗಿರಿಗೆ ಅಂತ. ನೀವು ಆವತ್ತೂ ಏನೋ ದೋಷ ಅಂದ್ರಂತೆ. ‘ಇವರ ಪಂಚಾಂಗ ಒಪ್ಪಿದ ದಿನ ಬತ್ತೀವಿ, ಇರಲಿ ಕಣೇ’ ಅಂದಿದ್ರು. ಪಯಣ ಆಗ್ದೆ ಗಂಟು ಮನೆಗೆ ವಾಪಸ್ ಬರಬಾರದಲ್ಲ, ಅದ್ಕೇ ತಂದ್ಕೊಡಲಿಲ್ಲ.”

ದೇವೀರಪ್ಪನವರು ಶಾಸ್ತ್ರ ಬಿಡಲಾರದೆ, “ಅಷ್ಟು ದಿನ ಪರಸ್ಥಾನ ನಿಲ್ಲೋದಿಲ್ಲ” ಎಂದರು.

“ಹಳಸೋಕೆ ಅದೇನು ಅನ್ನವೇ?” ಎಂದಳು ತೀರ್ಥಮ್ಮ.

“ಅವಳು ಇಟ್ಟದ್ದು ಅವಳಿಗಾಯಿತು. ನನಗೆ ಹೇಗಾಗುತ್ತೆ?”

ತೀರ್ಥಮ್ಮ ಅಣ್ಣನನ್ನು ಹುಚ್ಚಮ್ಮನ ಮನೆಗೆ ಕರೆದುಕೊಂಡು ಹೋದಳು. ಹುಚ್ಚಮ್ಮ ಅಟ್ಟ ಹತ್ತಿ, ಧೂಳು ಕೊಡವಿ, ಗಂಟನ್ನು ಜಗಲಿಯ ಮೇಲಿಟ್ಟಳು. ದೇವೀರಪ್ಪನವರೇ ಬಿಚ್ಚಿದರು. ಹುಳು ಹಿಡಿದ ಹಿಡಿ ಅಕ್ಕಿ, ಒಂದು ಅರಿಸಿನದ ಕೊನೆ, ಕಾಶಮ್ಮನ ಹಸುರು ಕುಪ್ಪಸ. ಅದರ ಕೆಳಗೆ ನಾಲ್ಕು ಮಡಿಕೆಯಾಗಿ ಕೆಂಪಂಚಿನ ಶಲ್ಯ.

ಅವರು ಶಲ್ಯದ ಅಂಚನ್ನು ಬೆರಳಿನಲ್ಲಿ ಸವರಿದರು.

“ಹಾಗಾದರೆ ನಾನು ಹೊರಟು ಎರಡು ವರ್ಷವಾಯಿತು” ಎಂದರು.

“ನಿಧಾನವಾಯ್ತು ಕಣಣ್ಣ” ಎಂದಳು ತೀರ್ಥಮ್ಮ, ಕಣ್ಣೊರೆಸಿಕೊಂಡು.

ಗುರುವಾರ ಕೋಳಿ ಕೂಗುವ ಹೊತ್ತಿಗೆ ಗಾಡಿ ಮೊದಲು ಸಣ್ಣಬೀರಪ್ಪನ ಬಾಗಿಲಲ್ಲಿ ನಿಂತಿತು. “ತಪ್ಪು ನನ್ನದಪ್ಪ. ನಾಳೆಯಿಂದ ಬಂದು ಬಟ್ಟೆ ತಗೊಂಡು ಹೋಗು” ಎಂದರು ದೇವೀರಪ್ಪನವರು. ಅವನು ನಿದ್ದೆಗಣ್ಣಿನಲ್ಲಿ ತಲೆಯಾಡಿಸಿದ. ಆಮೇಲೆ ಹುಚ್ಚಮ್ಮನ ಮನೆಯ ಮುಂದೆ ಇಳಿದು ಶಲ್ಯವನ್ನು ಹೆಗಲಿಗೇರಿಸಿ, ಹಸುರು ಕುಪ್ಪಸವನ್ನು ಕಾಯಿಯ ಬುಟ್ಟಿಯಲ್ಲಿಟ್ಟು, ಮತ್ತೆ ಗಾಡಿ ಹತ್ತಿದರು.

ಅಷ್ಟರಲ್ಲಿ ತೀರ್ಥಮ್ಮ ಸೀನಿದಳು. ಒಂದೇ ಸೀನು. ಸೆರಗಿನಿಂದ ಮೂಗು ಮುಚ್ಚಿಕೊಂಡು ಹೆದರುತ್ತ ಅಣ್ಣನ ಮುಖ ನೋಡಿದಳು.

“ಸೀನಿನ ದೋಷ ಹೊರಡುವವರಿಗೆ” ಎಂದು ದೇವೀರಪ್ಪನವರು ಹಗ್ಗ ಸಡಿಲಿಸಿದರು. “ನಾವು ಹೊರಟಾಗಿದೆ.”